ಹೊಸಕೋಟೆ ಬಯಲಿನ ಡೇರೆಗಳು

ಮದುವೆ ಮನೆಯ ಮುಂದೆ ಶಾಮಿಯಾನ ಹಾಕುವವರನ್ನು ಗಮನಿಸಿ. ಕಂಬ ಭಾರ ಹೊರುತ್ತದೆ, ನಿಜ; ಆದರೆ ಗಾಳಿಗೆ ಬಟ್ಟೆ ಹಾರದಂತೆ ಹಿಡಿಯುವುದು ಗೂಟಕ್ಕೆ ಓರೆಯಾಗಿ ಬಿಗಿದ ಹಗ್ಗ. ನೆರಳು ದೊಡ್ಡದಾದಷ್ಟೂ ಹಗ್ಗಗಳು ಹೆಚ್ಚು, ಅವು ನುಂಗುವ ಜಾಗವೂ ಹೆಚ್ಚು.

ಹಿಂದಿನ ದಂಡುಗಳಲ್ಲೂ ಇದೇ ಲೆಕ್ಕ. ಹಗಲಿನ ಬಿಸಿಲಿಗೆ ಡೇರೆಯ ಒಳಗೆ ಕೂರಲಾಗದು. ಹಾಗಾಗಿ ಸರದಾರರ ಡೇರೆಗಳಿಗೆ ಮೇಲ್ಕಟ್ಟು, ಸುತ್ತಲೂ ಮರೆಗೆ ಕನಾತು. ರಾತ್ರಿಯಾದರೆ ಈ ಹಗ್ಗಗಳೇ ಕಾಲಿಗೆ ತೊಡಕು.

1768ರ ಆಗಸ್ಟ್‌ನಲ್ಲಿ ಹೊಸಕೋಟೆಯ ಬಳಿ ಕರ್ನಲ್ ಸ್ಮಿತ್‌ನ ಇಂಗ್ಲಿಷ್ ಸೇನೆಯೂ ಅದರ ಮಿತ್ರನಾದ ಗುತ್ತಿಯ ಮುರಾರಿರಾಯನ ದಂಡೂ ಬೀಡುಬಿಟ್ಟಿದ್ದವು. ಎಲ್ಲರ ಕಣ್ಣು ಬೆಂಗಳೂರಿನ ಮೇಲೆ. ಒಂದು ರಾತ್ರಿ ಹೈದರಾಲಿಯ ಕುದುರೆ ದಂಡು ಮುರಾರಿರಾಯನ ಪಾಳೆಯಕ್ಕೆ ನುಗ್ಗಿತು. ತನ್ನವರು ಯಾರೂ ಕುದುರೆ ಏರಕೂಡದು ಎಂದು ಆತ ಅಪ್ಪಣೆ ಮಾಡಿದ. ಕತ್ತಲಲ್ಲಿ ಕುದುರೆಯ ಮೇಲೆ ಕಂಡವನೇ ಶತ್ರು! ಗಾಯಗೊಂಡ ಆನೆಯೊಂದು ಸರಪಳಿಯನ್ನು ಸೊಂಡಿಲಲ್ಲಿ ಬೀಸುತ್ತ ದಾಳಿಕೋರರ ನಡುವೆ ನುಗ್ಗಿತೆಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ದಾಳಿ ಮುರಿಯಿತು. ಗೂಟ, ಹಗ್ಗಗಳ ನಡುವೆ ಕುದುರೆ ಓಡಿಸುವ ಪಾಡನ್ನು ಓದುಗರೇ ಊಹಿಸಿಕೊಳ್ಳಬಹುದು.

ಅಂದಿನ ಡೇರೆಯ ಬಟ್ಟೆ ಹೇಗಿತ್ತೆಂದು ತಿಳಿಯಲು ದೂರ ಹೋಗಬೇಕು. ಹೊಸಕೋಟೆಗೆ ನೆರೆಯ ದೇವನಹಳ್ಳಿಯಲ್ಲಿ ಹುಟ್ಟಿದ ಹೈದರನ ಮಗ ಟಿಪ್ಪುವಿನ ಡೇರೆಯೊಂದು ವೇಲ್ಸ್‌ನ ಪೋಯಿಸ್ ಕೋಟೆಯಲ್ಲಿದೆ. ಹೂದಾನಿ, ಹೂಗೊಂಚಲುಗಳ ಚಿತ್ತಾರ ಬಿಡಿಸಿದ ಹತ್ತಿಯ ಚೀಟಿ ಬಟ್ಟೆ ಅದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕ್ಲೈವ್ ಕುಟುಂಬದ ಕೈ ಸೇರಿತು. ಯುದ್ಧಭೂಮಿಯ ಆ ಡೇರೆ ಅಲ್ಲಿ ದೊರೆಗಳ ತೋಟದ ಕೂಟಗಳಿಗೆ ನೆರಳಾಯಿತು.