ಕೆನರಾದ ಇಗರ್ಜಿಗಳೂ ಊರವರ ಕಾಣಿಕೆಯೂ

ನಮ್ಮ ನಾಡಿನ ಧರ್ಮಸಂಸ್ಥೆಗಳ ಚರಿತ್ರೆಯು ಬಹುಮಟ್ಟಿಗೆ ದಾನಶಾಸನಗಳಿಂದ ತಿಳಿದುಬಂದುದು. ಅರಸನ ಹೆಸರು, ದತ್ತಿಯ ಭೂಮಿಯ ಎಲ್ಲೆಕಟ್ಟು, ಸಾಕ್ಷಿಗಳ ಒಪ್ಪ, ಕೊನೆಗೆ ಶಾಪವಾಕ್ಯ, ಇಷ್ಟು ಕಲ್ಲಿನ ಮೇಲೆ ನಿಲ್ಲುತ್ತವೆ. ಆ ಭೂಮಿಯನ್ನು ಉತ್ತವರು, ಗುಡಿಗೆ ಕಲ್ಲು ಹೊತ್ತವರು, ದಿನದಿನವೂ ದೀಪವಿಟ್ಟವರು ಶಾಸನದೊಳಗೆ ಬರುವುದು ಅಪೂರ್ವ. ಕೆನರಾ ಸೀಮೆಯ ಕಥೋಲಿಕ ಇಗರ್ಜಿಗಳ ಚರಿತ್ರೆಯಲ್ಲಿಯೂ ಇದೇ ಕೊರತೆಯುಂಟು. ಬಿಷಪ್ಪರ ಮತ್ತು ಪಾದ್ರಿಗಳ ಪರಂಪರೆಯನ್ನು ಕ್ರಮವಾಗಿ ಬರೆದಿಟ್ಟವರು ಅನೇಕರಿದ್ದಾರೆ. ಊರವರು ಏನನ್ನು ಕೊಟ್ಟರು, ಹೇಗೆ ಕೊಟ್ಟರು ಎಂಬುದನ್ನು ವಿಚಾರಿಸಿದವರು ವಿರಳ. ಕಾಲ, ಕೌಶಲ, ದ್ರವ್ಯ ಎಂಬ ಮೂರು ಬಗೆಯ ಕಾಣಿಕೆಯಿಂದಲೇ ಈ ಇಗರ್ಜಿಗಳು ನಿಂತವೆಂಬುದನ್ನೂ, ಬಹು ದೊಡ್ಡ ವಿಪತ್ತಿನ ತರುವಾಯ ಅವು ಮರಳಿ ಎದ್ದುದಕ್ಕೆ ಇದೇ ಮುಖ್ಯ ಕಾರಣವೆಂಬುದನ್ನೂ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಶಬ್ದಗಳ ಸಾಕ್ಷ್ಯವನ್ನು ನೋಡೋಣ. ಮಂಗಳೂರಿನ ಕೊಂಕಣಿ ಕ್ರೈಸ್ತರ ಮಾತಿನಲ್ಲಿ ದೇವಾಲಯಕ್ಕೆ ಇಗರ್ಜಿ, ಅದಕ್ಕೆ ಸೇರಿದ ಜನಸಮುದಾಯಕ್ಕೆ ಫಿರ್ಗಜ್, ಅದರ ಮುಖ್ಯ ಪಾದ್ರಿಗೆ ವಿಗಾರ್ ಎಂದು ಹೆಸರು. ಮೂರೂ ಪೋರ್ತುಗೀಸ್ ಭಾಷೆಯಿಂದ ಬಂದವು. ಆದರೆ ಫಿರ್ಗಜಿನ ವಿಭಾಗಕ್ಕೆ ವಾಡೊ ಎಂದೂ, ವಾಡೊವಿನ ಮುಖ್ಯಸ್ಥನಿಗೆ ಗುರ್ಕಾರ್ ಎಂದೂ ಹೆಸರು. ಇವೆರಡೂ ಈ ನೆಲದ ಮಾತುಗಳೇ. ಗುರಿಕಾರನೆಂಬ ಪದವು ಕನ್ನಡದಲ್ಲಿಯೂ ತುಳುವಿನಲ್ಲಿಯೂ ಹಳೆಯದು. ಕುಟುಂಬಕ್ಕೋ ಊರಿಗೋ ಜಾತಿಗೋ ಹಿರಿಯನಾಗಿ ನಿಂತು, ನ್ಯಾಯ ಹೇಳಿ, ಹಬ್ಬಹುಣ್ಣಿಮೆಗಳನ್ನು ನಡೆಯಿಸುವವನು ಗುರಿಕಾರ. ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪೂಜಾವಿಧಿ, ಅಧಿಕಾರ, ಕಟ್ಟಡದ ಕಲ್ಪನೆ ಇವು ಸಮುದ್ರದಾಚೆಯಿಂದ ಬಂದವು. ಅವುಗಳ ಭಾರವನ್ನು ಹೊತ್ತ ವ್ಯವಸ್ಥೆಯಾದರೋ ಈ ದೇಶದ್ದೇ ಆಗಿದ್ದಿತು.

ಈ ಜನರ ಪೂರ್ವಿಕರಲ್ಲಿ ಹೆಚ್ಚಿನವರು ಗೋವೆಯಿಂದ ಬಂದವರು. ಗೋವೆಯ ಹಳ್ಳಿಗಳಲ್ಲಿ ಪೋರ್ತುಗೀಸರಿಗಿಂತ ಹಿಂದಿನಿಂದಲೂ ಗಾಂವ್ಕಾರರ ಸಮುದಾಯವು ಊರಭೂಮಿಯನ್ನು ಒಟ್ಟಾಗಿ ನೋಡಿಕೊಳ್ಳುತ್ತಿದ್ದಿತು. ೧೫೨೬ರಲ್ಲಿ ಅಫೋನ್ಸೊ ಮೆಶಿಯ ಎಂಬ ಅಧಿಕಾರಿಯು ಆ ಕಟ್ಟುಕಟ್ಟಳೆಗಳನ್ನು ಬರವಣಿಗೆಗೆ ಇಳಿಸಿದನು. ೧೫೪೦ರ ತರುವಾಯದ ವರ್ಷಗಳಲ್ಲಿ ಅಲ್ಲಿನ ದೇವಸ್ಥಾನಗಳು ಕೆಡವಲ್ಪಟ್ಟು, ಅವುಗಳ ಭೂಮಿಯ ಉತ್ಪತ್ತಿಯು ಇಗರ್ಜಿಗಳಿಗೆ ವಹಿಸಲ್ಪಟ್ಟಿತು. ಆ ಉತ್ಪತ್ತಿಯನ್ನು ಕಾಣಿಕೆಯೆಂದು ಕರೆಯಲಾಗದು. ರಾಜಬಲದಿಂದ ಕಿತ್ತು ಕೊಟ್ಟದ್ದು ಬೇರೆ, ಜನರು ಮನಸಾರೆ ಕೊಟ್ಟದ್ದು ಬೇರೆ. ಕೆನರಾದ ಚರಿತ್ರೆಯು ಗೋವೆಯದಕ್ಕಿಂತ ಭಿನ್ನವಾಗುವುದು ಇಲ್ಲಿಯೇ. ಬರಗಾಲ, ೧೫೬೦ರಲ್ಲಿ ನೆಲೆಗೊಂಡ ಇಂಕ್ವಿಸಿಷನ್ ನ್ಯಾಯಸ್ಥಾನ, ೧೬೮೩ರ ಮತ್ತು ೧೭೩೭ರಿಂದ ೧೭೩೯ರ ವರೆಗಿನ ಮರಾಠರ ದಂಡಯಾತ್ರೆ, ಇವುಗಳಿಂದ ಕಂಗೆಟ್ಟು ಜನರು ತಂಡತಂಡವಾಗಿ ದಕ್ಷಿಣಕ್ಕೆ ಬಂದರು. ಅವರು ನೆಲೆಸಿದ್ದು ಕೆಳದಿಯ ಅರಸರ ರಾಜ್ಯದಲ್ಲಿ. ಶೈವರಾದ ಆ ಅರಸರ ನಾಡಿನಲ್ಲಿ ಇಗರ್ಜಿಗಾಗಿ ಕಡ್ಡಾಯವಾಗಿ ತೆರಿಗೆಯೆತ್ತುವ ಅಧಿಕಾರವು ಪಾದ್ರಿಗಿರಲಿಲ್ಲ. ಯೂರೋಪಿನ ಅನೇಕ ದೇಶಗಳಲ್ಲಿದ್ದಂತೆ ಬೆಳೆಯ ಹತ್ತನೆಯ ಪಾಲನ್ನು ಕಾಯಿದೆಯ ಬಲದಿಂದ ವಸೂಲುಮಾಡುವ ಪದ್ಧತಿಯು ಇಲ್ಲಿ ಸಾಧ್ಯವೇ ಆಗಲಿಲ್ಲ. ಕೊಡುವವನ ಒಪ್ಪಿಗೆಯೇ ಎಲ್ಲಕ್ಕೂ ಆಧಾರ.

ಅರಸರ ಔದಾರ್ಯವಿರಲಿಲ್ಲವೆಂದಲ್ಲ. ಕೆಳದಿಯ ರಾಣಿ ಚೆನ್ನಮ್ಮಾಜಿಯು ಬಿಷಪ್ ತೋಮಸ್ ದ ಕಾಸ್ತ್ರೊ ಎಂಬವರಿಗೆ ಕೊಟ್ಟ ನಿವೇಶನದಲ್ಲಿ ೧೬೮೦ರಲ್ಲಿ ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯು ಸ್ಥಾಪಿತವಾಯಿತು. ಮುಘಲರಿಂದ ತಲೆತಪ್ಪಿಸಿಕೊಂಡು ಬಂದ ರಾಜಾರಾಮನಿಗೆ ಆಶ್ರಯವಿತ್ತ ರಾಣಿಯು ಪರಮತದವರ ಪ್ರಾರ್ಥನಾಸ್ಥಾನಕ್ಕೆ ನೆಲವಿತ್ತುದು ಆಶ್ಚರ್ಯವಲ್ಲ. ಆದರೆ ನೆಲವು ದೊರೆತ ಮಾತ್ರಕ್ಕೆ ಇಗರ್ಜಿಯಾಗುವುದಿಲ್ಲ. ಗೋಡೆ, ಮಾಡು, ಗಂಟೆ, ದೀಪದ ಎಣ್ಣೆ, ಪಾದ್ರಿಯ ಅನ್ನವಸ್ತ್ರ, ಸತ್ತವರಿಗೆ ಮಣ್ಣು, ಇವೆಲ್ಲವೂ ಊರವರಿಂದಲೇ ನಡೆಯಬೇಕು.

ಈ ವ್ಯವಸ್ಥೆಯ ಬಲವು ಪರೀಕ್ಷೆಗೊಳಗಾದುದು ೧೭೮೪ರಲ್ಲಿ. ಆ ವರ್ಷದ ಫೆಬ್ರವರಿಯಲ್ಲಿ ಟಿಪ್ಪೂ ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರು ಸೆರೆಹಿಡಿಯಲ್ಪಟ್ಟು, ಘಟ್ಟವನ್ನು ಹತ್ತಿ ಶ್ರೀರಂಗಪಟ್ಟಣಕ್ಕೆ ನಡೆಯಬೇಕಾಯಿತು. ಇವರು ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ಸಹಾಯಮಾಡಿದರೆಂಬ ಆರೋಪವೇ ಅದಕ್ಕೆ ಕಾರಣ. ಸೆರೆಯಾದವರ ಸಂಖ್ಯೆಯಲ್ಲಿ ಏಕಾಭಿಪ್ರಾಯವಿಲ್ಲ. ೩೦,೦೦೦ದಿಂದ ೮೦,೦೦೦ದ ವರೆಗೆ ಬೇರೆಬೇರೆ ಲೆಕ್ಕಗಳುಂಟು. ಆಸ್ತಿಪಾಸ್ತಿಗಳು ಮುಟ್ಟುಗೋಲಾದವು, ಇಗರ್ಜಿಗಳು ನೆಲಸಮವಾದವು. ಮೂಡಬಿದರೆಯ ಬಳಿಯ ಹೊಸಪೇಟೆಯ ಇಗರ್ಜಿಯು ಚೌಟ ಅರಸನ ಮಾತಿನಿಂದ ಉಳಿಯಿತೆಂದು ಪ್ರತೀತಿ. ಹದಿನೈದು ವರ್ಷಗಳ ಮೇಲೆ, ೧೭೯೯ನೆಯ ಮೇ ೪ರಂದು ಶ್ರೀರಂಗಪಟ್ಟಣವು ಬೀಳಲು, ಬದುಕಿ ಉಳಿದವರು ಬಿಡುಗಡೆ ಹೊಂದಿದರು.

ಹಿಂದಿರುಗಿದವರ ಸ್ಥಿತಿಯನ್ನು ವಾಚಕರು ಊಹಿಸಿಕೊಳ್ಳಬೇಕು. ಕೈಯಲ್ಲಿ ಹಣವಿಲ್ಲ, ಪೂರ್ವಿಕರ ಹೊಲವು ಅನ್ಯರ ವಶದಲ್ಲಿ, ಒಂದು ತಲೆಮಾರು ಸೆರೆಯಲ್ಲಿಯೇ ಬೆಳೆದುದು. ಆದರೂ ಹೆಚ್ಚು ತಡವಾಗದೆ ಇಗರ್ಜಿಗಳು ಒಂದೊಂದಾಗಿ ಎದ್ದವು. ಕಾರ್ಕಳದ ಸಮೀಪದ ಅತ್ತೂರಿನ ಸಂತ ಲಾರೆನ್ಸರ ಇಗರ್ಜಿಯು ೧೭೫೯ರಲ್ಲಿ ಸ್ಥಾಪಿತವಾಗಿ ೧೭೮೪ರಲ್ಲಿ ನಾಶವಾದುದು. ಅದು ೧೮೦೧ರಷ್ಟು ಬೇಗನೆ ಮರಳಿ ಎದ್ದಿತು. ೧೮೩೯ರಲ್ಲಿ ಹೊಸ ಕಟ್ಟಡವಾಯಿತು. ದ್ರವ್ಯವಿಲ್ಲದವರು ಎರಡು ವರ್ಷಗಳೊಳಗೆ ಇಗರ್ಜಿಯನ್ನು ಎಬ್ಬಿಸಿದರೆಂದರೆ, ಅವರಲ್ಲಿ ಕೊಡಲು ಇದ್ದುದು ಮೈಯ ದುಡಿಮೆ ಮತ್ತು ದಿನದ ಹೊತ್ತು ಮಾತ್ರವೆಂದು ತಿಳಿಯಬೇಕು. ಮೊದಲು ಕಾಲ, ಅನಂತರ ಕೌಶಲ, ಕೊನೆಗೆ ದ್ರವ್ಯ: ಕೆನರಾದಲ್ಲಿ ಕಾಣಿಕೆಯು ಬೆಳೆದುಬಂದ ಕ್ರಮವು ಇದೇ ಎಂದು ನಮ್ಮ ಮತ.

ಸೆರೆಯಿಂದ ಬಿಡುಗಡೆಯಾದವರೆಲ್ಲರೂ ಕರಾವಳಿಗೆ ಮರಳಲಿಲ್ಲ. ಮೈಸೂರು ಸೀಮೆಯ ಕ್ರೈಸ್ತರನ್ನು ಒಂದುಗೂಡಿಸಲು ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಅವರ ಹೆಸರನ್ನು ಇಲ್ಲಿ ಸ್ಮರಿಸುವುದು ಯುಕ್ತ. ಹಿಂದೂ ಜನರ ಆಚಾರವ್ಯವಹಾರಗಳನ್ನು ಕುರಿತ ಗ್ರಂಥದಿಂದ ಪ್ರಸಿದ್ಧರಾದ ಇವರು ಗಂಜಾಮಿನಲ್ಲಿ ಇಗರ್ಜಿಯನ್ನು ಕಟ್ಟಿಸಿದರು. ನೆಲೆ ತಪ್ಪಿದವರಿಗಾಗಿ ಹಾಸನ ಸೀಮೆಯಲ್ಲಿ ಬೇಸಾಯದ ಹಳ್ಳಿಯನ್ನು ನೆಲೆಗೊಳಿಸಿದರು. ಸಿಡುಬಿಗೆ ದೇವಿಹಾಕುವ ಕಾರ್ಯದಲ್ಲಿ ದುಡಿದರು. ಜನರ ಕೈಗೆ ನೇಗಿಲು ಬಂದಲ್ಲದೆ ಇಗರ್ಜಿಗೆ ಕಾಣಿಕೆ ಬಾರದೆಂಬುದನ್ನು ಅವರ ಕಾರ್ಯವು ತೋರಿಸುತ್ತದೆ.

ಇನ್ನು ಗುರ್ಕಾರರ ವಿಷಯ. ಒಂದು ಫಿರ್ಗಜಿನಲ್ಲಿ ಹಲವು ವಾಡೊಗಳಿದ್ದು, ಒಂದೊಂದಕ್ಕೂ ಒಬ್ಬ ಗುರ್ಕಾರನು ಇರುತ್ತಾನೆ. ಇದು ಸಂಬಳದ ಉದ್ಯೋಗವಲ್ಲ. ಕಾಣಿಕೆಯನ್ನು ಕೂಡಿಸುವುದು, ರೋಗಿಯಿರುವ ಮನೆಯನ್ನು ಪಾದ್ರಿಗೆ ತಿಳಿಸುವುದು, ಸಾವಿನ ಮನೆಯಲ್ಲಿ ನಿಂತು ಕೆಲಸವನ್ನು ಹಂಚುವುದು, ಮದುವೆಯ ಮಾತುಕತೆಗೆ ಹಿರಿಯನಾಗುವುದು, ನೆರೆಹೊರೆಯ ಜಗಳವನ್ನು ಕಚೇರಿಯ ಮೆಟ್ಟಲೇರದಂತೆ ಮುಗಿಸುವುದು, ಇವೆಲ್ಲವೂ ಅವನ ಪಾಲಿನವು. ಕೃಷಿಕನಿಗೆ ಗದ್ದೆಯ ಕೆಲಸದ ನಡುವೆ ಒಂದು ದಿನವನ್ನು ಬಿಟ್ಟುಕೊಡುವುದೆಂದರೆ ಒಂದು ದಿನದ ಅನ್ನವನ್ನು ಬಿಟ್ಟುಕೊಡುವುದೇ ಸರಿ. ಆದುದರಿಂದ ಕಾಲದ ಕಾಣಿಕೆಯನ್ನು ಹಣದ ಕಾಣಿಕೆಗಿಂತ ಕೀಳೆಂದು ಎಣಿಸತಕ್ಕುದಲ್ಲ.

ಬೆಳೆಯ ಕಾಣಿಕೆಗೆ ಉತ್ತಮ ನಿದರ್ಶನವು ಸೆಪ್ಟೆಂಬರ್ ೮ರ ಮೊಂತಿ ಹಬ್ಬ. ಕನ್ಯಾಮರಿಯಮ್ಮನ ಜನ್ಮದಿನವಾದ ಅಂದು ಹೊಸ ಭತ್ತದ ತೆನೆಗಳನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಅದಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ಹೂವನ್ನು ತಂದು ಅರ್ಪಿಸುತ್ತಾರೆ. ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ ಪಾದ್ರಿ ಜೋಕಿಂ ಮಿರಾಂದರು ೧೭೬೩ರಲ್ಲಿ ಇದನ್ನು ಆರಂಭಿಸಿದರೆಂದು ಪರಂಪರೆ. ತುಳುನಾಡಿನ ಒಕ್ಕಲು ಮನೆಗಳಲ್ಲಿ ತೆನೆ ಕಟ್ಟುವ, ಹೊಸಅಕ್ಕಿ ಉಣ್ಣುವ ಆಚಾರವನ್ನು ಬಲ್ಲವರಿಗೆ ಇವೆರಡರ ನಂಟನ್ನು ವಿವರಿಸಬೇಕಾಗಿಲ್ಲ. ಮೊದಲ ಫಲವು ದೇವರದೆಂಬ ಭಾವನೆಯು ಎರಡಕ್ಕೂ ಸಮಾನ. ಹೂವನ್ನು ತರುವ ಮಗುವಿನಿಂದಲೇ ಕೊಡುವ ಅಭ್ಯಾಸವು ಮೊದಲಾಗುತ್ತದೆಂಬುದು ಇಲ್ಲಿನ ವಿಶೇಷ.

ದ್ರವ್ಯದ ಕಾಣಿಕೆಗೆ ಮುಖ್ಯ ಸ್ಥಾನವು ಕೊಂಪ್ರಿ. ಪೋರ್ತುಗೀಸರ ಕೊನ್ಫ್ರಾರಿಯ, ಎಂದರೆ ಭ್ರಾತೃಸಂಘ, ಎಂಬುದರ ತದ್ಭವವಿದು. ಗೋವೆಯಲ್ಲಿ ಹಬ್ಬದ ವೆಚ್ಚವನ್ನು ಹೊರುತ್ತಿದ್ದುದು ಇಂತಹ ಸಂಘಗಳೇ. ಕೆನರಾದಲ್ಲಿ ವಾರ್ಷಿಕ ಹಬ್ಬಕ್ಕೆ ಮುಂಚಿನ ಭಾನುವಾರವು ಇಂದಿಗೂ ಕೊಂಪ್ರಿಯ ಆದಿತ್ಯವಾರವೆನಿಸಿದೆ. ಹಬ್ಬದ ಯಜಮಾನಿಕೆಯನ್ನು ವಹಿಸಿಕೊಳ್ಳುವುದು ಗೌರವವೂ ಹೌದು, ಹೊರೆಯೂ ಹೌದು. ಗೌರವವಿದ್ದಲ್ಲಿ ಪೈಪೋಟಿಯೂ ಇರುತ್ತದೆ. ಹೆಚ್ಚು ಕೊಟ್ಟವನಿಗೆ ಮುಂದಿನ ಸ್ಥಾನ, ಇಲ್ಲದವನಿಗೆ ಹಿಂದಿನ ಸ್ಥಾನವೆಂಬ ದೋಷವು ಇಂತಹ ಸಂಸ್ಥೆಗಳಿಗೆ ಎಲ್ಲ ಮತಗಳಲ್ಲಿಯೂ ಸಹಜ. ಎರಡು ಸಣ್ಣ ಕಾಸುಗಳನ್ನಿಕ್ಕಿದ ಬಡ ವಿಧವೆಯ ಕಾಣಿಕೆಯೇ ಎಲ್ಲಕ್ಕಿಂತ ಹೆಚ್ಚಿನದೆಂದು ಬೋಧಿಸಿದ ಧರ್ಮಕ್ಕೆ ಈ ದೋಷವು ಭೂಷಣವಲ್ಲ. ಇದಕ್ಕೆ ಮದ್ದು ಲೆಕ್ಕಪತ್ರದ ಶುದ್ಧಿ. ಕೊಟ್ಟವರಿಗೆ ಲೆಕ್ಕ ಕೇಳುವ ಹಕ್ಕುಂಟೆಂಬ ತತ್ತ್ವವು ೧೯೮೩ರ ಧರ್ಮಸಂಹಿತೆಯಲ್ಲಿ ಸ್ಪಷ್ಟವಾಗಿದೆ. ಪ್ರತಿಯೊಂದು ಫಿರ್ಗಜಿಗೂ ಅರ್ಥಸಮಿತಿಯಿರಬೇಕೆಂದೂ, ಜನರ ಕಾಣಿಕೆಯ ಲೆಕ್ಕವನ್ನು ಜನರಿಗೆ ಒಪ್ಪಿಸಬೇಕೆಂದೂ ಅದು ವಿಧಿಸುತ್ತದೆ.

ಕೌಶಲದ ಕಾಣಿಕೆಯು ಕಣ್ಣಿಗೆ ಕಟ್ಟುವಂತೆ ಇರುವುದು ಮಂಗಳೂರು ನಗರದಲ್ಲಿ. ೧೮೭೮ರ ಕೊನೆಯಲ್ಲಿ ಬಂದ ಜೆಸ್ವಿತರು ೧೮೮೦ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಸ್ಥಾಪಿಸಿದರು. ಅದಕ್ಕೆ ಗುಡ್ಡದ ಮೇಲಣ ಭೂಮಿಯನ್ನು ದಾನವಾಗಿತ್ತವರು ಊರಿನ ಲಾರೆನ್ಸ್ ಲೋಬೊ ಪ್ರಭುಗಳು. ಅಲ್ಲಿಯ ಪ್ರಾರ್ಥನಾಲಯದ ಗೋಡೆಗಳನ್ನೂ ಮೇಲ್ಚಾವಣಿಯನ್ನೂ ೧೮೯೯ರಿಂದ ೧೯೦೧ರ ವರೆಗೆ ಚಿತ್ರಗಳಿಂದ ತುಂಬಿದವರು ಇಟಲಿಯ ಬೆರ್ಗಾಮೊ ಪ್ರಾಂತದ ಸಹೋದರ ಅಂತೋನಿಯೊ ಮೊಸ್ಕೇನಿ. ಅವರು ಪಾದ್ರಿಯಲ್ಲ, ಉಪದೇಶಕರೂ ಅಲ್ಲ. ತಮಗೆ ಬಂದ ಕಲೆಯನ್ನೇ ಕಾಣಿಕೆಯಾಗಿ ಒಪ್ಪಿಸಿದವರು. ಅದೇ ತಂಡದ ಅಗಸ್ಟಸ್ ಮುಲ್ಲರರು ತಮ್ಮ ಹೋಮಿಯೋಪತಿ ಔಷಧಜ್ಞಾನವನ್ನು ಕಂಕನಾಡಿಯ ಆಸ್ಪತ್ರೆಯಾಗಿ ಬೆಳೆಯಿಸಿದರು. ಇವರ ಹೆಸರುಗಳು ಉಳಿದಿವೆ. ಮುರಕಲ್ಲನ್ನು ಕಡಿದು ಗೋಡೆಯನ್ನೆತ್ತಿದವರ, ಸುಣ್ಣವನ್ನು ಅರೆದವರ, ಹಲಸಿನ ಮರದಲ್ಲಿ ಪೀಠವನ್ನು ಕೆತ್ತಿದ ಆಚಾರಿಗಳ ಹೆಸರುಗಳು ಉಳಿದಿಲ್ಲ. ಚಿತ್ರವು ನಿಂತಿರುವುದಾದರೋ ಅವರೆತ್ತಿದ ಗೋಡೆಯ ಮೇಲೆ.

ಸ್ವಾತಂತ್ರ್ಯಾನಂತರ ಈ ಸಂಸ್ಥೆಗಳ ಆರ್ಥಿಕ ಬುನಾದಿಯು ಬದಲಾಯಿತು. ೧೯೭೪ನೆಯ ಮಾರ್ಚ್ ೧ರಿಂದ ಜಾರಿಗೆ ಬಂದ ಭೂಸುಧಾರಣೆಯ ಕಾಯಿದೆಯಿಂದ ಗೇಣಿ ಪದ್ಧತಿಯು ಕೊನೆಗಂಡಿತು. ಗೇಣಿಯ ಅಕ್ಕಿಯನ್ನು ನಂಬಿದ್ದ ದೇವಸ್ಥಾನ, ಬಸದಿ, ಇಗರ್ಜಿಗಳೆಲ್ಲವೂ ಆದಾಯವನ್ನು ಕಳೆದುಕೊಂಡವು. ಉಳುವವನಿಗೆ ನೆಲ ದೊರೆತುದು ನ್ಯಾಯವೇ. ಅದೇ ಒಕ್ಕಲುಗಳಲ್ಲಿ ಇಗರ್ಜಿಯ ಬಡ ಮಕ್ಕಳೂ ಇದ್ದರು. ಗೇಣಿ ಹೋದ ಮೇಲೆ ಇಗರ್ಜಿಯು ಮತ್ತೆ ಜನರ ಕೈಯನ್ನೇ ನೋಡಬೇಕಾಯಿತು. ಮುಂಬಯಿಗೂ ಅರಬ್ಬೀ ದೇಶಗಳಿಗೂ ದುಡಿಯಹೋದ ಮಕ್ಕಳು ಕಳುಹಿಸಿದ ಹಣದಿಂದ ಎಷ್ಟೋ ಹಳೆಯ ಮಾಡುಗಳು ಹೊಸದಾದವು. ಆದರೆ ಹಣವನ್ನು ದೂರದಿಂದ ಕಳುಹಿಸಬಹುದು, ಕಾಲವನ್ನು ಕಳುಹಿಸಲಾಗದು. ಗುರ್ಕಾರನ ಕೆಲಸಕ್ಕೆ ಊರಿನಲ್ಲಿ ಇರುವವನೇ ಬೇಕು. ಹಣವು ಹೆಚ್ಚಿ ಹೊತ್ತು ಕಡಿಮೆಯಾದುದು ಈ ಕಾಲದ ತೊಡಕು.

ಕಾಣಿಕೆಯು ಸ್ವಮತದವರಿಂದ ಮಾತ್ರ ಬಂದುದಲ್ಲವೆಂಬುದನ್ನೂ ಹೇಳತಕ್ಕುದು. ಚೆನ್ನಮ್ಮಾಜಿಯ ನೆಲ ಮತ್ತು ಚೌಟನ ಮಾತುಗಳ ಸಾಲಿನಲ್ಲಿಯೇ, ಮೈಸೂರಿನ ಸಂತ ಫಿಲೋಮಿನಾ ಇಗರ್ಜಿಗೆ ೧೯೩೩ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಇಟ್ಟ ಅಸ್ತಿಭಾರವೂ ಸೇರುತ್ತದೆ. ಅತ್ತೂರಿನ ಜನವರಿಯ ಜಾತ್ರೆಯಲ್ಲಿ ಮೇಣದ ಬತ್ತಿಯನ್ನು ಹಚ್ಚುವವರ ಮತವನ್ನು ಯಾರೂ ಕೇಳುವುದಿಲ್ಲ.

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಕಥೋಲಿಕ ಬಿಷಪ್ಪರು ೧೯೯೨ರಲ್ಲಿ ಪ್ರಕಟಿಸಿದ ಪತ್ರವೊಂದರ ತರುವಾಯ, ಕಾಲ, ಕೌಶಲ, ದ್ರವ್ಯ ಎಂಬ ತ್ರಯವು ಲೋಕದಲ್ಲೆಲ್ಲ ಹೆಚ್ಚು ಪ್ರಚಾರವಾಗಿದೆ. ಮಾತು ಹೊಸದಾದರೂ ಆಚರಣೆಯು ನಮ್ಮ ಕರಾವಳಿಗೆ ಹೊಸತಲ್ಲ. ಹೆಸರಿಡದೆಯೇ ಅದನ್ನು ನಡೆಯಿಸಿದವರು ೧೭೯೯ರಲ್ಲಿ ಬರಿಗೈಯಲ್ಲಿ ಘಟ್ಟವನ್ನಿಳಿದವರು. ಅವರ ಚರಿತ್ರೆಗೆ ಶಿಲಾಶಾಸನವಿಲ್ಲ. ಫಿರ್ಗಜುಗಳ ಲೆಕ್ಕದ ಪುಸ್ತಕಗಳು, ಜ್ಞಾನಸ್ನಾನ ಮತ್ತು ಮರಣಗಳ ದಾಖಲೆಗಳು, ಹಿರಿಯರ ಬಾಯಿಮಾತುಗಳು, ಇವೇ ಆಧಾರ. ಮಳೆನಾಡಿನ ತೇವದಲ್ಲಿ ಕಾಗದವು ಬಹುಕಾಲ ಬಾಳದು, ಗೆದ್ದಲು ಕಾಯುವುದಿಲ್ಲ. ಅವುಗಳನ್ನು ಪ್ರತಿಮಾಡಿಸಿ ಕಾಪಾಡುವ ಕಾರ್ಯಕ್ಕೆ ವಿದ್ವಾಂಸರೂ ಊರವರೂ ಒಟ್ಟಾಗಿ ಕೈಹಾಕುವುದು ಅವಶ್ಯ. ಆ ಕಾರ್ಯಕ್ಕೂ ಬೇಕಾಗಿರುವುದು ಸ್ವಲ್ಪ ಹಣ, ಸ್ವಲ್ಪ ಜಾಣ್ಮೆ, ಬಹಳ ಹೊತ್ತು.