ಸಿನಗಾಗ್ ಶಾಲೆಯ ಮುಖ್ಯಸ್ಥರು

ಅಮೆರಿಕದ ಯೆಹೂದಿ ಮಕ್ಕಳು ವಾರವಿಡೀ ಸರಕಾರಿ ಶಾಲೆಗೆ ಹೋಗಿ, ಭಾನುವಾರವೋ ಸಂಜೆಯೋ ತಮ್ಮ ಪ್ರಾರ್ಥನಾ ಮಂದಿರದ ಶಾಲೆಗೆ ಬಂದು ಧರ್ಮಗ್ರಂಥ, ಹೀಬ್ರೂ ಭಾಷೆ, ಹಬ್ಬಗಳು ಮತ್ತು ಇತಿಹಾಸ ಕಲಿಯುವುದು ವಾಡಿಕೆ. ಪ್ರಾರ್ಥನಾ ಮಂದಿರವನ್ನು ಸಿನಗಾಗ್ ಎನ್ನುತ್ತಾರೆ. ಅಲ್ಲಿನ ಧರ್ಮಗುರು ರಬ್ಬಿ. ಶಾಲೆಯನ್ನು ನಡೆಸುವ ಹೊಣೆ ಹೆಚ್ಚಾಗಿ ರಬ್ಬಿಯದಲ್ಲ, ಅದಕ್ಕೆಂದೇ ಇರುವ ಮುಖ್ಯಸ್ಥರದು. ಈ ಕೆಲಸಕ್ಕೆ ಮೊದಲ ರೂಪ ಕೊಟ್ಟವರು ಫಿಲಡೆಲ್ಫಿಯಾದ ರೆಬೆಕಾ ಗ್ರಾಟ್ಸ್. ಇವರಿಗೆ ಗುರುಪೀಠದ ತರಬೇತಿಯಾಗಲಿ ಪದವಿಯಾಗಲಿ ಇರಲಿಲ್ಲ.

ಗ್ರಾಟ್ಸ್ ಹುಟ್ಟಿದ್ದು 1781ರ ಮಾರ್ಚ್ 4ರಂದು, ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರಿನಲ್ಲಿ, ಸ್ಥಿತಿವಂತ ವ್ಯಾಪಾರಿ ಮನೆತನದಲ್ಲಿ. ಮನೆಯವರು ಫಿಲಡೆಲ್ಫಿಯಾದ ಮಿಕ್ವೆ ಇಸ್ರೇಲ್ ಸಿನಗಾಗಿಗೆ ಸೇರಿದವರು. ಇಪ್ಪತ್ತರ ವಯಸ್ಸಿಗೇ, 1801ರಲ್ಲಿ, ಊರಿನ ಬಡ ಹೆಂಗಸರು ಮತ್ತು ಮಕ್ಕಳಿಗೆ ನೆರವಾಗುವ ಮಹಿಳಾ ಸಂಘವೊಂದನ್ನು ಕಟ್ಟುವುದರಲ್ಲಿ ಪಾಲುಗೊಂಡರು. ಯೆಹೂದಿ, ಕ್ರೈಸ್ತ ಹೆಂಗಸರು ಅಲ್ಲಿ ಒಟ್ಟಿಗೆ ದುಡಿದರು. 1815ರಲ್ಲಿ ಆರಂಭವಾದ ಅನಾಥಾಲಯದ ಕಾರ್ಯದರ್ಶಿಯಾಗಿ ದಶಕಗಳ ಕಾಲ ಲೆಕ್ಕಪತ್ರ, ವರದಿಗಳನ್ನು ನೋಡಿಕೊಂಡರು. 1819ರಲ್ಲಿ ಯೆಹೂದಿ ಹೆಂಗಸರದೇ ಆದ ನೆರವಿನ ಸಂಘ ಹುಟ್ಟಿತು. 1823ರಲ್ಲಿ ತಂಗಿ ರೇಚಲ್ ತೀರಿಕೊಂಡಾಗ ಆಕೆಯ ಮಕ್ಕಳನ್ನು ಮದುವೆಯಾಗದ ಗ್ರಾಟ್ಸ್ ತಾವೇ ಸಾಕಿದರು. ಮುಂದೆ ಶಾಲೆಯೊಂದನ್ನು ಕಾಲು ಶತಮಾನ ನಡೆಸಲು ಬೇಕಾದದ್ದನ್ನೆಲ್ಲ, ಅಂದರೆ ಹಣ ಕೂಡಿಸುವುದು, ಸಭೆ ನಡೆಸುವುದು, ಮಕ್ಕಳ ಜೊತೆ ಏಗುವುದು, ಅವರು ಕಲಿತದ್ದು ಇಲ್ಲಿಯೇ.

ಯೆಹೂದಿ ಸಂಪ್ರದಾಯದಲ್ಲಿ ಧರ್ಮಗ್ರಂಥವನ್ನು ಕಲಿಸುವುದು ತಂದೆಯ ಹೊಣೆ, ಕಲಿಯುವುದು ಮಗನ ಹೊಣೆ. ಪಾಠ ಹೇಳುವ ಮೇಷ್ಟ್ರು ಗಂಡಸು. ಹೆಣ್ಣುಮಕ್ಕಳ ಕಲಿಕೆ ಬಹುಮಟ್ಟಿಗೆ ಮನೆಯೊಳಗೆ ಮುಗಿಯುತ್ತಿತ್ತು. ಅಂದಿನ ಅಮೆರಿಕದಲ್ಲಾದರೋ ಪಾಠ ಹೇಳಬಲ್ಲ ಗಂಡಸರೂ ವಿರಳ. ರಬ್ಬಿ ದೀಕ್ಷೆ ಪಡೆದವರು ಯಾರೂ ಇರಲಿಲ್ಲವೆಂದೇ ಹೇಳಬೇಕು. ಇನ್ನೊಂದೆಡೆ ಕ್ರೈಸ್ತ ಪ್ರಚಾರಕರು ಬಡ ಯೆಹೂದಿ ಮಕ್ಕಳನ್ನು ತಮ್ಮ ಉಚಿತ ಭಾನುವಾರದ ಶಾಲೆಗಳತ್ತ ಕರೆಯುತ್ತಿದ್ದರು. ಗ್ರಾಟ್ಸ್ ಅವರ ಜಾಣ್ಮೆ ಇಲ್ಲಿ ಕಾಣುತ್ತದೆ. ಆ ಶಾಲೆಯ ಮಾದರಿಯನ್ನೇ ತೆಗೆದುಕೊಂಡು ಅದರೊಳಗೆ ತಮ್ಮ ಧರ್ಮದ ಪಾಠವನ್ನಿಟ್ಟರು. ಶನಿವಾರ ಸಬ್ಬತ್ತಿನ ವಿಶ್ರಾಂತಿ, ಬರೆಯುವಂತಿಲ್ಲ. ಭಾನುವಾರ ಊರಿಗೆಲ್ಲ ರಜೆ. ಹಾಗಾಗಿ ದಿನವೂ ಹೊಂದಿಕೊಂಡಿತು.

1838ರ ಮಾರ್ಚ್ 4ರಂದು, ತಮ್ಮ ಹುಟ್ಟುಹಬ್ಬದ ದಿನ, ಗ್ರಾಟ್ಸ್ ಹೀಬ್ರೂ ಭಾನುವಾರದ ಶಾಲೆಯನ್ನು ತೆರೆದರು. ಗಂಡು ಹೆಣ್ಣು ಮಕ್ಕಳು ಒಟ್ಟಿಗೆ ಕೂತರು, ಶುಲ್ಕವಿರಲಿಲ್ಲ, ಪಾಠ ಇಂಗ್ಲಿಷಿನಲ್ಲಿತ್ತು. ಶಿಕ್ಷಕಿಯರೆಲ್ಲ ಸಂಬಳವಿಲ್ಲದ ಸ್ವಯಂಸೇವಕಿಯರು. ಶಾಲೆ ಒಂದು ಸಿನಗಾಗಿಗೆ ಅಧೀನವಾಗದೆ ಊರಿನ ಯಾವ ಯೆಹೂದಿ ಮಗುವಿಗೂ ತೆರೆದಿತ್ತು. ಮಿಕ್ವೆ ಇಸ್ರೇಲಿನ ಪ್ರಾರ್ಥನಾ ನಾಯಕ ಐಸಾಕ್ ಲೀಸರ್ ಬೆಂಬಲಕ್ಕೆ ನಿಂತು, 1839ರಲ್ಲಿ ಮಕ್ಕಳಿಗೆಂದೇ ಪ್ರಶ್ನೋತ್ತರ ರೂಪದ ಧರ್ಮಪಾಠದ ಪುಸ್ತಕವನ್ನು ಹೊರತಂದರು. ಹೀಬ್ರೂ ಪಾಂಡಿತ್ಯವಿಲ್ಲದ ಹೆಂಗಸರೂ ಧೈರ್ಯವಾಗಿ ಪಾಠ ಹೇಳಲು ಇಂಗ್ಲಿಷಿನ ಇಂಥ ಪುಸ್ತಕಗಳೇ ದಾರಿ ಮಾಡಿದವು. ಶಿಕ್ಷಕಿ ಸಿಂಹಾ ಪೈಷೋಟೊ ಕೂಡ ಶಾಲೆಗಾಗಿ ಪಠ್ಯವೊಂದನ್ನು ಬರೆದರು.

ಅದಕ್ಕೂ ಮೊದಲಿನ ಪರದಾಟ ಹೇಳಲೇಬೇಕಾದದ್ದು. ಕೈಗೆ ಸಿಗುತ್ತಿದ್ದುದು ಕ್ರೈಸ್ತ ಭಾನುವಾರದ ಶಾಲೆಗಳ ಪುಸ್ತಕಗಳು ಮಾತ್ರ. ಯೆಹೂದಿ ಮಕ್ಕಳಿಗೆ ಸಲ್ಲದ ಉತ್ತರಗಳ ಮೇಲೆ ಕಾಗದದ ಚೂರುಗಳನ್ನು ಅಂಟಿಸಿ ಹಂಚುತ್ತಿದ್ದರು. ಆ ಚೂರಿನ ಅಡಿಯಲ್ಲಿ ಏನಿದೆಯೆಂದು ಮಕ್ಕಳು ಇಣುಕಿ ಓದಲು ಹೆಣಗುತ್ತಿದ್ದುದನ್ನು ಅಲ್ಲಿ ಕಲಿತ ರೋಸಾ ಮಾರ್ಡಕೈ ಮುಂದೆ ನೆನಪಿಸಿಕೊಂಡು ಬರೆದಿದ್ದಾರೆ. ಸಾದಾ ಕಪ್ಪು ಉಡುಪಿನ ಗ್ರಾಟ್ಸ್ ತಾವೇ ರಚಿಸಿದ ಪ್ರಾರ್ಥನೆಯನ್ನು ಒಂದೊಂದೇ ಸಾಲಾಗಿ ಹೇಳಿಕೊಡುತ್ತಿದ್ದುದು, ಇಡೀ ಶಾಲೆ ಅದನ್ನು ಮರುನುಡಿಯುತ್ತಿದ್ದುದು, ವಾರ್ಷಿಕ ಪರೀಕ್ಷೆಯ ದಿನ ಪ್ರತಿ ಮಗುವಿನ ಕೈಗೆ ಒಂದು ಕಿತ್ತಳೆ ಹಣ್ಣು ಬರುತ್ತಿದ್ದುದು ಅದೇ ನೆನಪುಗಳಲ್ಲಿವೆ. ಗ್ರಾಟ್ಸ್ ಶಾಲೆಯ ಹೊಣೆ ಬಿಟ್ಟಿದ್ದು 1864ರಲ್ಲಿ, ಎಂಬತ್ತು ದಾಟಿದ ಮೇಲೆ, ತೀರಿಕೊಂಡಿದ್ದು 1869ರಲ್ಲಿ. ಅಷ್ಟರಲ್ಲಿ ಈ ಮಾದರಿ ಚಾರ್ಲ್ಸ್‌ಟನ್ ಮೊದಲಾದ ಊರುಗಳಿಗೆ ಹರಡಿತ್ತು. ತಮ್ಮ ಹಳೆಯ ವಿದ್ಯಾರ್ಥಿನಿಯರನ್ನೇ ಶಿಕ್ಷಕಿಯರನ್ನಾಗಿ ಬೆಳೆಸಿದ್ದು ಅವರ ಅತಿ ದೊಡ್ಡ ಕೊಡುಗೆ. ಯೆಹೂದಿ ಹೆಂಗಸಿಗೆ ಸಾರ್ವಜನಿಕವಾಗಿ ಧರ್ಮ ಬೋಧಿಸುವ ಸ್ಥಾನ ಸಿಕ್ಕಿದ್ದು ಇದರಿಂದ.

ಸಂಬಳ ಮತ್ತು ಪದವಿಯ ಕಾಲ ಬಂದದ್ದು ಆಮೇಲೆ. ಗ್ರಾಟ್ಸ್ ಅವರ ಸಹೋದರ ಹೈಮನ್ ಬಿಟ್ಟುಹೋದ ದತ್ತಿಯಿಂದ 1895ರಲ್ಲಿ ಫಿಲಡೆಲ್ಫಿಯಾದಲ್ಲಿ ಗ್ರಾಟ್ಸ್ ಕಾಲೇಜು ಸ್ಥಾಪನೆಯಾಯಿತು. ಯೆಹೂದಿ ಶಾಲಾ ಶಿಕ್ಷಕರನ್ನು ತಯಾರು ಮಾಡುವುದು ಅದರ ಕೆಲಸ. ನ್ಯೂಯಾರ್ಕಿನ ಜ್ಯೂಯಿಶ್ ಥಿಯಾಲಾಜಿಕಲ್ ಸೆಮಿನರಿ 1909ರಲ್ಲಿ ಶಿಕ್ಷಕರ ತರಬೇತಿ ಸಂಸ್ಥೆಯನ್ನು ತೆರೆದು ರಬ್ಬಿ ಮೊರ್ಡೆಕೈ ಕಪ್ಲಾನ್ ಅವರಿಗೆ ಒಪ್ಪಿಸಿತು. ಪೂರ್ವ ಯೂರೋಪಿನಿಂದ ಲಕ್ಷಗಟ್ಟಲೆ ವಲಸಿಗರು ಬಂದಿಳಿಯುತ್ತಿದ್ದ ದಿನಗಳವು. ಪ್ಯಾಲೆಸ್ಟೀನಿನ ಸಫೇದ್ ಊರಿನಲ್ಲಿ ಹುಟ್ಟಿ ವೈದ್ಯಕೀಯ ಓದಿದ್ದ ಸ್ಯಾಮ್ಸನ್ ಬೆಂಡರ್ಲಿ 1910ರಲ್ಲಿ ನ್ಯೂಯಾರ್ಕಿನ ಯೆಹೂದಿ ಶಿಕ್ಷಣ ಕೇಂದ್ರದ ಮುಖ್ಯಸ್ಥರಾದರು. ಸರಕಾರಿ ಶಾಲೆ ಬಿಟ್ಟ ಮೇಲೆ ಸಂಜೆ ನಡೆಯುವ ಹೀಬ್ರೂ ಶಾಲೆ ಅವರ ಮಾರ್ಗ. ಯುವಕರನ್ನು ಹುಡುಕಿ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿಗೆ ಕಳಿಸಿ, ಶಾಲೆ ನಡೆಸುವುದನ್ನೇ ಜೀವನದ ವೃತ್ತಿಯಾಗಿ ಹಿಡಿಯುವಂತೆ ಮಾಡಿದರು. ಅವರಲ್ಲೊಬ್ಬರಾದ ಇಮ್ಯಾನ್ಯುಯೆಲ್ ಗಾಮೊರಾನ್ 1923ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಯೆಹೂದಿ ಧರ್ಮದ ಸುಧಾರಣಾವಾದಿ ಪಂಥದ ಶಿಕ್ಷಣ ನಿರ್ದೇಶಕರಾಗಿ ಪಠ್ಯಗಳನ್ನು ಹೊಸದಾಗಿ ಕಟ್ಟಿಸಿದರು. ಹುದ್ದೆಗೆ ಸಂಬಳ ಬಂದಾಗ ಮೇಲಿನ ಸ್ಥಾನಗಳಲ್ಲಿ ಗಂಡಸರೇ ಕಾಣಿಸಿಕೊಂಡರು, ತರಗತಿಯಲ್ಲಿ ದುಡಿಯುವವರು ಹೆಂಗಸರಾಗಿಯೇ ಉಳಿದರು. ಈ ಅನ್ಯಾಯವನ್ನು ಇತಿಹಾಸ ಬರೆಯುವವರು ಮರೆಮಾಚಬಾರದು.

ಎರಡನೆಯ ಮಹಾಯುದ್ಧದ ನಂತರ ಯೆಹೂದಿ ಕುಟುಂಬಗಳು ಉಪನಗರಗಳಿಗೆ ಹೋಗಿ ನೆಲೆಸಿದವು, ಸಿನಗಾಗ್ ಶಾಲೆಗಳು ತುಂಬಿದವು, ಪೂರ್ಣಾವಧಿ ಮುಖ್ಯಸ್ಥರು ಬೇಕಾದರು. 1955ರಲ್ಲಿ ಸುಧಾರಣಾವಾದಿ ಸಿನಗಾಗ್‌ಗಳ ಶಿಕ್ಷಣಾಧಿಕಾರಿಗಳು ತಮ್ಮದೇ ರಾಷ್ಟ್ರೀಯ ಸಂಘ ಕಟ್ಟಿಕೊಂಡರು. ಲಾಸ್ ಏಂಜಲೀಸಿನಲ್ಲಿರುವ ಹೀಬ್ರೂ ಯೂನಿಯನ್ ಕಾಲೇಜಿನ ರೀಯಾ ಹಿರ್ಷ್ ಶಿಕ್ಷಣ ಶಾಲೆಯಿಂದ ಸ್ನಾತಕೋತ್ತರ ಪದವಿ ಪಡೆದು ಬಂದವರಲ್ಲಿ ಹಲವು ಮಹಿಳೆಯರು ಈ ಸ್ಥಾನಕ್ಕೇರಿದ್ದಾರೆ. ಮುಖ್ಯಸ್ಥರ ದಿನಚರಿಯಲ್ಲಿ ಶಿಕ್ಷಕರ ನೇಮಕ, ಪಠ್ಯದ ಆಯ್ಕೆ, ಹದಿಮೂರಕ್ಕೆ ಬರುವ ಮಕ್ಕಳ ಬಾರ್ ಮಿಟ್ಸ್ವಾ ಎಂಬ ಧರ್ಮವಿಧಿಯ ತಯಾರಿ, ತಂದೆತಾಯಂದಿರೊಡನೆ ಮಾತುಕತೆ ಎಲ್ಲವೂ ಸೇರುತ್ತವೆ. ಮೊದಲು ಸ್ವಯಂಸೇವಕರಾಗಿ ಭಾನುವಾರದ ತರಗತಿಗೆ ಬಂದು, ಪಾಠ ಹೇಳುತ್ತ ಹೇಳುತ್ತ ಓದು ಮುಂದುವರಿಸಿ ಮುಖ್ಯಸ್ಥರಾದವರು ಇಂದಿಗೂ ಅನೇಕರಿದ್ದಾರೆ.