ಡಾಸನ್, ಆಸ್ಕರ್ ಸ್ಟ್ಯಾನ್ಲಿ
(1923-2011). ಭಾರತೀಯ ನೌಕಾಪಡೆಯ ಮುಖ್ಯಸ್ಥ ಪದವಿಯನ್ನಲಂಕರಿಸಿ, ವಿಶ್ರಾಂತಜೀವನವನ್ನು ಬೆಂಗಳೂರಿನಲ್ಲಿ ಕಳೆದ ಅಡ್ಮಿರಲ್. ಎರಡನೆಯ ಮಹಾಯುದ್ಧಕಾಲದಲ್ಲಿ ನೌಕಾಸೇವೆಯನ್ನು ಸೇರಿ, ಸ್ವಾತಂತ್ರ್ಯಾನಂತರವೂ ಅದರಲ್ಲಿಯೇ ಮುಂದುವರಿದ ಇವರು 1971ರ ಭಾರತ-ಪಾಕಿಸ್ತಾನ ಯುದ್ಧದ ವೇಳೆಗೆ ದೆಹಲಿಯ ಪ್ರಧಾನ ಕಾರ್ಯಾಲಯದಲ್ಲಿ ನೌಕಾ ಕಾರ್ಯಾಚರಣೆಗಳ ನಿರ್ದೇಶಕರಾಗಿದ್ದರು. ನಿಪಾತ್, ನಿರ್ಘಾತ್, ವೀರ್ ಎಂಬ ಕ್ಷಿಪಣಿ ದೋಣಿಗಳು ಡಿಸೆಂಬರ್ 4ರ ರಾತ್ರಿ ಕರಾಚಿಯ ಸಮೀಪಕ್ಕೆ ನುಗ್ಗಿ, ಶತ್ರುಪಕ್ಷದ ಖೈಬರ್ ಎಂಬ ಯುದ್ಧನೌಕೆಯನ್ನು ಮುಳುಗಿಸಿದುದು ಈ ಅವಧಿಯಲ್ಲಿಯೇ. 1982ರ ಮಾರ್ಚ್ 1ರಿಂದ 1984ರ ನವೆಂಬರ್ 30ರವರೆಗೆ ಇವರು ಮುಖ್ಯಸ್ಥರಾಗಿದ್ದಾಗ, ಸ್ವದೇಶದಲ್ಲಿಯೇ ವಿನ್ಯಾಸಗೊಂಡು ಎರಡು ಹೆಲಿಕಾಪ್ಟರುಗಳನ್ನು ಹೊರಬಲ್ಲ ಗೋದಾವರಿ ಯುದ್ಧನೌಕೆಯೂ ಸೀ ಹ್ಯಾರಿಯರ್ ಯುದ್ಧವಿಮಾನಗಳೂ 1983ರಲ್ಲಿ ನೌಕಾಪಡೆಯ ಬಲವನ್ನು ವರ್ಧಿಸಿದವು. ಪರಮ ವಿಶಿಷ್ಟ ಸೇವಾ ಪದಕ ಹಾಗೂ ಅತಿ ವಿಶಿಷ್ಟ ಸೇವಾ ಪದಕಗಳಿಂದ ಪುರಸ್ಕೃತರು. ನಿವೃತ್ತಿಯ ತರುವಾಯ ನ್ಯೂಜಿಲೆಂಡಿನಲ್ಲಿ ಭಾರತದ ಹೈಕಮಿಷನರ್ ಆಗಿ ಸೇವೆ ಸಲ್ಲಿಸಿದರು. 2011ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ನಿಧನರಾದರು.